ಕಚೇರಿಯವರು ಇಲ್ಲ ಎನ್ನಲಿಲ್ಲ

ಮೇಘಾ, ಕಚೇರಿಯವರು ಇಲ್ಲ ಎನ್ನಲಿಲ್ಲ. ನಾನು ಸುಳ್ಳು ಹೇಳಿದೆ.

ಏಳು ವರ್ಷದ ಹಿಂದೆ ನಿನ್ನ ನಿವಾಸಿ ಪತ್ರ ತರಲು ಹೋದ ಅಜ್ಜ ಬರಿಗೈಯಲ್ಲಿ ಬಂದ ಎಂದು ನೀನು ತಿಳಿದಿದ್ದೀಯ. ನಿನ್ನ ಅಪ್ಪನೂ ಹಾಗೆಯೇ ತಿಳಿದಿದ್ದಾನೆ. ಬರಿಗೈಯಲ್ಲಿ ಬಂದಿರಲಿಲ್ಲ. ಪತ್ರ ನನ್ನ ಜುಬ್ಬಾದ ಒಳಗೆ, ಬನಿಯನ್ನಿಗೆ ತಾಗಿಕೊಂಡು ಇತ್ತು — ಅಧಿಕಾರಿಯ ಸಹಿ, ಮೊಹರು, ನಿನ್ನ ಹೆಸರು, ಎಲ್ಲವೂ ಸರಿಯಾಗಿ. ಮೆಟ್ಟಿಲು ಹತ್ತುವಾಗ ಅದು ಸರಸರ ಎನ್ನುತ್ತಿತ್ತು. ನಿನಗೆ ಕೇಳಿಸೀತು ಎಂದು ಹೆದರಿ, ಬಾಗಿಲಲ್ಲಿ ನಿಂತು ಸುಮ್ಮನೆ ಕೆಮ್ಮಿದೆ.

"ಕೊಟ್ರಾ ಅಜ್ಜಾ?" ಎಂದು ಕೇಳಿದೆ ನೀನು.

"ಇಲ್ಲವಾ. ನಾವು ಇಲ್ಲಿಯವರಲ್ಲ ಅಂದ್ರು."

ಇಷ್ಟೇ ಮಾತು. ನಾನು ಯೋಚಿಸಿ ಜೋಡಿಸಿಕೊಂಡು ಬಂದದ್ದಲ್ಲ. ಆ ಮಾತು ನನ್ನ ಬಾಯಲ್ಲಿ ಹಳೆಯದಾಗಿ ಸಿದ್ಧವಾಗಿಯೇ ಇತ್ತು — ಅದನ್ನು ಮುಂದೆ ಹೇಳುತ್ತೇನೆ. ಹೇಳಲು ಭಯವಾಗುತ್ತಿದೆ, ಆದರೂ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಪ್ರವೇಶ ಪರೀಕ್ಷೆಯಲ್ಲಿ ನಿನಗೆ ಒಳ್ಳೆಯ ರ್‍ಯಾಂಕ್ ಬಂದಿತ್ತು. ಕಂಪ್ಯೂಟರ್ ಸೈನ್ಸ್ ಓದಿದರೆ ಆ ಸರಕಾರಿ ವಿಶ್ವವಿದ್ಯಾಲಯದಲ್ಲೇ ಓದುತ್ತೇನೆ ಎಂದು ನೀನು ಹನ್ನೊಂದನೆಯ ಕ್ಲಾಸಿನಿಂದ ಹೇಳುತ್ತಿದ್ದೆ. ಅಲ್ಲಿ ಹೆಚ್ಚಿನ ಸೀಟುಗಳು ಈ ರಾಜ್ಯದ ನಿವಾಸಿಗಳಿಗೆ, ಹೊರಗಿನವರಿಗೆ ಬೆರಳೆಣಿಕೆಯವು. ನಿವಾಸಿ ಎಂದು ತೋರಿಸಲು ಸರಕಾರಿ ಪತ್ರವೊಂದು ಬೇಕಿತ್ತು. ನೀನು ಹುಟ್ಟಿದ್ದು ಇಲ್ಲಿ, ನಿನ್ನ ಅಪ್ಪ ಹುಟ್ಟಿದ್ದೂ ಇಲ್ಲೇ. ಆದರೂ ನಮ್ಮ ಮನೆಯ ಎಲ್ಲ ಕಾಗದಗಳಲ್ಲಿ ಕಾಯಂ ವಿಳಾಸ ಎಂಬಲ್ಲಿ ನಾನು ಧಾರವಾಡ ಎಂದೇ ಬರೆಸುತ್ತಾ ಬಂದಿದ್ದೆ — ಅಲ್ಲಿ ನಮಗೆ ಒಂದು ಕೋಣೆಯೂ ಉಳಿದಿಲ್ಲದಿದ್ದರೂ. ಅದಕ್ಕೇ ಅಪ್ಪನಿಗೆ ಅನುಮಾನ. "ಕಚೇರಿ ಕೆಲಸ ನಿಮಗ ಬಿಟ್ಟದ್ದಪಾ. ನೀವು ಹೋದ್ರ ಆಗತದ," ಎಂದ. ಮ್ಯಾಟ್ರಿಕ್ ಮುಗಿಸಿ ರೈಲ್ವೆಗೆ ಸೇರಿ ಮೂವತ್ತೆಂಟು ವರ್ಷ ಫೈಲು ಹೊತ್ತವನು ನಾನು. ಮನೆಯಲ್ಲಿ ನನಗೆ ಇದ್ದ ಮರ್ಯಾದೆ ಅದೊಂದೇ. ಅದನ್ನೇ ನಿನ್ನ ಮೇಲೆ ತಿರುಗಿಸಿದೆ.

ಅದಕ್ಕೆ ಒಂದು ತಿಂಗಳ ಮೊದಲು ನೀನು ಆ ವಿಶ್ವವಿದ್ಯಾಲಯವನ್ನು ನೋಡಿ ಬಂದಿದ್ದೆ. ಚಪ್ಪಲಿಯನ್ನೂ ಬಿಡದೆ ನನ್ನ ಕೋಣೆಗೆ ಬಂದೆ. ಚಿಕ್ಕವಳಿದ್ದಾಗ ನಿನ್ನನ್ನು ಸಿಯಾಲ್ದಾ ಸ್ಟೇಷನ್ನಿಗೆ ಕರೆದುಕೊಂಡು ಹೋದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇಷ್ಟು ಗಾಡಿಗಳಲ್ಲಿ ಯಾವುದಕ್ಕೆ ಯಾವ ಪ್ಲಾಟ್‌ಫಾರ್ಮ್ ಎಂದು ಯಾರು ಗೊತ್ತು ಮಾಡುತ್ತಾರೆ, ಒಂದು ತಡವಾದರೆ ಉಳಿದವು ಏನು ಮಾಡಬೇಕು ಎಂದು.

"ಅಜ್ಜಾ, ಅಲ್ಲೊಬ್ರು ಸರ್ ಇದ್ರು. ನಮ್ಮ ಪ್ಲಾಟ್‌ಫಾರ್ಮ್ ಕ್ವೆಶ್ಚನ್ ಕೇಳಿದೆ. ನಗಲಿಲ್ಲ ಗೊತ್ತಾ? ಬೋರ್ಡ್ ಫುಲ್ ಬರೆದ್ರು. ಆಮೇಲೆ ಅಂದ್ರು, ಇದಕ್ಕೆ ಪೂರ್ತಿ ಆನ್ಸರ್ ಇನ್ನೂ ಯಾರಿಗೂ ಸಿಕ್ಕಿಲ್ಲ, ನೀನು ಬಾ, ಹುಡುಕೋಣ ಅಂತ."

ನಿನ್ನ ಮುಖ ಹೇಗಿತ್ತು ಎಂದು ನಾನು ಬರೆಯಲಾರೆ. ಅದೇ ಮುಖವನ್ನು ಮತ್ತೆ ನೋಡಲಿಲ್ಲ — ಏಳು ವರ್ಷದಲ್ಲಿ ಒಮ್ಮೆಯೂ.

ಮರುವಾರ ನಾನೊಬ್ಬನೇ ಬಸ್ಸು ಹತ್ತಿ ಆ ಜಾಗ ನೋಡಲು ಹೋದೆ. ಯಾರಿಗೂ ಹೇಳಲಿಲ್ಲ. ಗೋಡೆಯ ತುಂಬ ಕೆಂಪು ಬಣ್ಣದಲ್ಲಿ ಘೋಷಣೆಗಳು. ಗೇಟಿನ ಎದುರು ಹುಡುಗ ಹುಡುಗಿಯರು ರಸ್ತೆಯಲ್ಲೇ ಕೂತು ತಮಟೆ ಬಡಿದು ಹಾಡುತ್ತಿದ್ದರು. ಆಚೆ ಬದಿಗೆ ಪೊಲೀಸ್ ವ್ಯಾನು ನಿಂತಿತ್ತು. ಪೊಲೀಸರು ಚಹಾ ಕುಡಿಯುತ್ತಿದ್ದರು, ಯಾರಿಗೂ ಏನೂ ಆಗುತ್ತಿರಲಿಲ್ಲ. ಒಬ್ಬ ಸಣಕಲು ಹುಡುಗ, ಕನ್ನಡಕದವನು, ಎದ್ದು ಮಾತಾಡಲು ಶುರು ಮಾಡಿದ. ಪಾನ್ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ.

ನಾನು ಈ ಊರಿಗೆ ಬಂದ ಹೊಸದರಲ್ಲಿ ಸಿಯಾಲ್ದಾ ಹತ್ತಿರದ ಒಂದು ಮೆಸ್ಸಿನಲ್ಲಿದ್ದೆ. ಪಕ್ಕದ ಮಂಚ ಶ್ಯಾಮಲನದು. ಗಣಿತ ಓದುತ್ತಿದ್ದ. ಬಸ್ಸಿನ ಬೋರ್ಡು ತೋರಿಸಿ ತೋರಿಸಿ ನನಗೆ ಬಂಗಾಳಿ ಓದಲು ಕಲಿಸಿದವನು ಅವನೇ. ಆ ವರ್ಷಗಳು ಕೆಟ್ಟವು; ಕಾಲೇಜುಗಳಲ್ಲಿ ಕ್ರಾಂತಿಯ ಮಾತು, ಬೀದಿಗಳಲ್ಲಿ ಪೊಲೀಸರ ಗುಂಡು. ಓದುವ ಹುಡುಗರು ಸಂಜೆ ಹೊರಗೆ ಹೋದರೆ ಮರಳಿ ಬರುತ್ತಾರೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಲು ತರಲು ಇಳಿದರೆ ಓಣಿಯಲ್ಲಿ ಅವನು ಸತ್ತು ಬಿದ್ದಿದ್ದ. ಕನ್ನಡಕ ಮಾತ್ರ ಒಡೆದಿರಲಿಲ್ಲ. ಪೊಲೀಸರು ನನ್ನನ್ನು ನಿಲ್ಲಿಸಿ ಕೇಳಿದರು — ಇವನು ಯಾರು, ಗೊತ್ತೇ? "ಆಮಿ ಬಾಯಿರೇರ್ ಲೋಕ್" ಎಂದೆ. ನಾನು ಹೊರಗಿನವನು. ಅವನು ಕಲಿಸಿದ ಭಾಷೆಯಲ್ಲೇ ಹೇಳಿದೆ. ಅದೇ ವಾರ ಮೆಸ್ಸು ಬಿಟ್ಟೆ. ಅವನ ತಾಯಿ ಬಂದಿದ್ದಳಂತೆ, ಮಗನ ಜೊತೆಗಿದ್ದ ಕನ್ನಡದ ಹುಡುಗ ಎಲ್ಲಿ ಎಂದು ಕೇಳಿದಳಂತೆ. ನಾನು ಹೋಗಲಿಲ್ಲ.

ಇದನ್ನು ನೆಪವೆಂದು ಹೇಳುತ್ತಿಲ್ಲ. ಐವತ್ತು ವರ್ಷದ ಹಿಂದಿನ ಊರಿಗೂ ನೀನು ಓದಲು ಹೋಗಬೇಕಾಗಿದ್ದ ಇಂದಿನ ಊರಿಗೂ ಸಂಬಂಧವಿಲ್ಲ ಎಂದು ನನ್ನ ಬುದ್ಧಿಗೆ ಗೊತ್ತಿತ್ತು. ಭಯವಾಗಿದ್ದರೆ "ಭಯವಾಗುತ್ತದೆ ಮಗಾ" ಎಂದು ನಿನಗೆ ಹೇಳಬಹುದಿತ್ತು. ನೀನು ನಗುತ್ತಿದ್ದೆ, ಜಗಳವಾಡುತ್ತಿದ್ದೆ, ಗೆಲ್ಲುತ್ತಿದ್ದೆ. ಗೆಲ್ಲುತ್ತೀಯ ಎಂದೇ ಹೇಳಲಿಲ್ಲ.

ಸಾಲ್ಟ್ ಲೇಕಿನ ಆ ಕಚೇರಿಗೆ ಹೋದಾಗ ಅವರೇ ಇಲ್ಲ ಎನ್ನಲಿ ಎಂದು ದೇವರನ್ನು ಬೇಡಿಕೊಂಡೆ. ಮೇಜಿನ ಹಿಂದೆ ನಡುವಯಸ್ಸಿನ ಹೆಂಗಸೊಬ್ಬಳು ಇದ್ದಳು. ನಿನ್ನ ಶಾಲೆಯ ಪತ್ರ, ಜನನ ಪತ್ರ, ರೇಷನ್ ಕಾರ್ಡು, ಒಂದೊಂದಾಗಿ ನೋಡಿದಳು. ಧಾರವಾಡದ ವಿಳಾಸವನ್ನು ನಾನೇ ಬೆರಳಿಟ್ಟು ತೋರಿಸಿದೆ. ಅವಳು ಅದನ್ನು ಬದಿಗೆ ಸರಿಸಿ, ನನ್ನನ್ನು ಅಜ್ಜನೆಂದೇ ಕರೆದು ಹೇಳಿದಳು. "ಅದು ನಿಮ್ಮ ಊರು, ದಾದು. ಹುಡುಗಿಯ ಊರು ಇದೇ ಅಲ್ಲವೇ? ಗುರುವಾರ ಬನ್ನಿ. ಸೀಟು ಸಿಕ್ಕಮೇಲೆ ಒಂದು ಪೊಟ್ಟಣ ಸಂದೇಶ್ ಮಿಠಾಯಿ ತಂದುಕೊಡಬೇಕು, ಮರೆಯಬಾರದು."

ಗುರುವಾರ ಕೊಟ್ಟಳು. ಅಷ್ಟು ಸುಲಭವಾಗಿ ಈ ಊರು ನಿನ್ನನ್ನು ತನ್ನವಳು ಎಂದು ಬರೆದುಕೊಟ್ಟಿತ್ತು. ನಾನು ಅದನ್ನು ಜುಬ್ಬಾದೊಳಗೆ ಇಟ್ಟುಕೊಂಡು ಬಂದು, ಊರು ನಿನ್ನನ್ನು ಹೊರಗೆ ಹಾಕಿತು ಎಂದೆ.

ಒಂದು ಸುಳ್ಳಿಗೆ ಕಾವಲು ಕಾಯಲು ಎಷ್ಟು ಸುಳ್ಳು ಬೇಕು. ಅಪ್ಪ ತಾನೇ ಹೋಗಿ ಕೇಳುತ್ತೇನೆ ಎಂದ. "ಮೂರು ದಿನ ಅಲ್ಲೇ ನಿಂತು ಬಂದೀನಿ. ನಿನ್ನ ರಜಾ ಹಾಳು," ಎಂದೆ. ಕೆಳಗಿನ ಮನೆಯ ಮೌಲಿ, ನಿನ್ನ ಒಂದನೆಯ ಕ್ಲಾಸಿನ ಗೆಳತಿ, ತನ್ನ ಅಪ್ಪನನ್ನು ಕರೆದುಕೊಂಡು ಬಂದಳು. ಅವರು ಕಚೇರಿಗೆ ಜೊತೆಗೆ ಬರುತ್ತೇನೆ, ಮಾತಾಡುತ್ತೇನೆ ಎಂದರು. ನನಗೆ ಜೀವ ಹೋದಷ್ಟು ಭಯವಾಯಿತು. ಅವರನ್ನು ಬಾಗಿಲಿಂದಲೇ ಕಳಿಸಿ, ನಿನ್ನ ಕಡೆ ತಿರುಗಿ ಹೇಳಿದೆ — "ಅವರಿಗೆ ಎರಡು ದಿನದಾಗ ಸಿಕ್ತು. ಅವರ ಮಂದಿ ಅಲ್ಲೇನು. ನಮಗ್ಯಾಕ ಕೊಡತಾರ." ಮೇಘಾ, ಮೊದಲ ಸುಳ್ಳಿಗಿಂತ ಇದು ದೊಡ್ಡ ಪಾಪ. ಮೊದಲನೆಯದು ನಿನ್ನ ಸೀಟು ಕಿತ್ತುಕೊಂಡಿತು. ಇದು —

ಮೌಲಿ ಆ ವಿಶ್ವವಿದ್ಯಾಲಯಕ್ಕೆ ಹೋದಳು. ನೀನು ಊರಾಚೆಯ ಖಾಸಗಿ ಕಾಲೇಜಿಗೆ ಹೋದೆ. ಅವಳು ಎಷ್ಟು ಸಲ ಮೆಟ್ಟಿಲು ಹತ್ತಿ ಬಂದಳು, ನೀನು ಎಷ್ಟು ಸಲ ತಲೆನೋವು ಎಂದೆ — ನಾನು ನನ್ನ ಕೋಣೆಯಲ್ಲಿ ಕೂತು ಎಲ್ಲ ಕೇಳಿದೆ. ಆ ವರ್ಷದಿಂದ ಓಣಿಯ ಪೂಜೆಯ ಪೆಂಡಾಲಿನಲ್ಲಿ ಹಾಡಲು ನೀನು ಮೈಕು ಹಿಡಿಯಲಿಲ್ಲ. ಅಂಗಡಿಯವರು ಬಂಗಾಳಿಯಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡತೊಡಗಿದೆ. ಯಾವ ಊರು ಎಂದು ಯಾರಾದರೂ ಕೇಳಿದರೆ "ಧಾರವಾಡ" ಎನ್ನುತ್ತೀಯ. ಎರಡು ಸಲ ಮಾತ್ರ ನೋಡಿದ ಊರು ಅದು ನಿನಗೆ.

ಒಮ್ಮೆ ಸಿಕ್ಕಿಬೀಳುವುದರಲ್ಲಿದ್ದೆ. ತರಕಾರಿ ಬಜಾರಿನಲ್ಲಿ ನೀನು ಚೀಲ ಹಿಡಿದಿದ್ದೆ, ನಾನು ಬದನೆಕಾಯಿ ಆರಿಸುತ್ತಿದ್ದೆ. ಬೆನ್ನ ಹಿಂದೆ ಅದೇ ದನಿ: "ಏನು ದಾದು, ನನ್ನ ಸಂದೇಶ್ ಎಲ್ಲಿ?" ಅವಳು ನಗುತ್ತಿದ್ದಳು. ಇನ್ನೊಂದು ಮಾತು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಆರಿಸಿದ್ದನ್ನು ಅಲ್ಲೇ ಬಿಟ್ಟು ನಿನ್ನ ಕೈ ಹಿಡಿದು ನಡೆದೆ.

"ಯಾರು ಅಜ್ಜಾ ಅವರು?"

"ಬ್ಯಾಂಕಿನಾಕಿ. ಪೆನ್ಶನ್ ಕಾಗದ ಲಗೂನ ಮಾಡಿಕೊಟ್ಟಿದ್ಲು."

"ಹಂಗಾದ್ರೆ ಕೊಡೋದಲ್ಲಾ ಸಂದೇಶ್. ಎಷ್ಟು ಕಂಜೂಸ್ ನೀನು."

ನೀನು ನಕ್ಕೆ. ನಾನೂ ನಕ್ಕೆ. ಅಂದಿನಿಂದ ಆ ಬಜಾರಿಗೆ ಹೋಗಿಲ್ಲ. ಮೊಣಕಾಲು ನೋವು ಎಂದು ನೀವೆಲ್ಲ ನಂಬಿದಿರಿ.

ಪತ್ರವನ್ನು ಹರಿಯಲಿಲ್ಲ. ಸಹಿ ಬಿದ್ದ ಸರಕಾರಿ ಕಾಗದ ಹರಿಯಲು ಗುಮಾಸ್ತನ ಕೈಗೆ ಬರುವುದಿಲ್ಲ. ಪೆನ್ಶನ್ ಫೈಲಿನ ತಳದಲ್ಲಿ ಇದೆ. ಮನೆಯಲ್ಲಿ ಯಾರಾದರೂ ನನ್ನ ಕಪಾಟು ತೆರೆದರೆ ಓಡಿ ಬಂದು ಬೇಕಾದದ್ದನ್ನು ನಾನೇ ತೆಗೆದುಕೊಡುತ್ತೇನೆ. ಈ ಭಯ ನನ್ನ ಜೊತೆಗೇ ಮುಗಿದುಹೋಗುತ್ತದೆ ಎಂದುಕೊಂಡಿದ್ದೆ. ಹಾಗೆ ಆಗಲಿಲ್ಲ.

ಈಗ ನಿನ್ನ ತಂಗಿ ಪಲ್ಲವಿಯ ಸರದಿ. ಮೊನ್ನೆ ತಿಂಡಿಯ ಹೊತ್ತಿನಲ್ಲಿ ಅವಳು ಕಂಪ್ಯೂಟರಿನಲ್ಲಿ ಅದೇ ಪರೀಕ್ಷೆಯ ಅರ್ಜಿ ತುಂಬುತ್ತಿದ್ದಳು. ಅವಳಿಗೂ ಅದೇ ವಿಶ್ವವಿದ್ಯಾಲಯ, ಅದೇ ಕಂಪ್ಯೂಟರ್ ಸೈನ್ಸ್ ಬೇಕು. "ದೀದಿ, ಈ ರಾಜ್ಯದ ನಿವಾಸಿ ಅಂತ ಕೇಳ್ತಿದೆ. ಏನು ಹಾಕಲಿ?"

"ನೋ ಹಾಕು," ಎಂದೆ ನೀನು, ರೊಟ್ಟಿ ಮುರಿಯುತ್ತಾ. "ಪತ್ರ ಕೊಡೋದಿಲ್ಲ ಅವರು. ನನಗೆ ಅಜ್ಜ ಎಷ್ಟು ತಿರುಗಿದ. ಹುಟ್ಟಿದಾಗಿನಿಂದ ಇಲ್ಲೇ ಫುಚ್ಕಾ ತಿಂದ್ರೂ ನಾವು ಹೊರಗಿನವರೇ." ಆಮೇಲೆ ನನ್ನ ಕಡೆ ನೋಡಿದೆ. "ಹೌದಲ್ಲ ಅಜ್ಜಾ?"

ಅಲ್ಲಿ ನಾನು ಹೇಳಬೇಕಿತ್ತು. ಅಪ್ಪ ಇದ್ದ, ಅಮ್ಮ ಇದ್ದಳು, ಎಲ್ಲರೂ ಇದ್ದರು. ಪಲ್ಲವಿಯ ಬೆರಳು ಆ ಗುಂಡಿಯ ಮೇಲಿತ್ತು. ನಾನು "ಹೂಂ" ಎಂದೆ. ಎಪ್ಪತ್ತಾರು ವರ್ಷದ ಮನುಷ್ಯ, ಎರಡನೆಯ ಮೊಮ್ಮಗಳನ್ನೂ ಅದೇ ಬಾವಿಗೆ ತಳ್ಳಿದೆ — ಒಂದು "ಹೂಂ" ಎಂಬ ಸದ್ದಿನಿಂದ.

ಇವತ್ತು ಬೆಳಿಗ್ಗೆ ಅವಳ ಹತ್ತಿರ ಹೋಗಿ, ಅರ್ಜಿ ಕಳಿಸಬೇಡ, ತಡಿ ಎಂದೆ. ಯಾಕೆ ಎಂದಳು. ಊಟ ಆದಮೇಲೆ ಎಲ್ಲರ ಮುಂದೆ ಹೇಳತೀನಿ ಎಂದೆ. ಆಗಿನಿಂದ ಕೋಣೆಯ ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿದೆ. ಪ್ರತಿ ಸಲ ಕೂಗಿದಾಗ ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತೇನೆ.

ಇನ್ನೊಂದು ಮಾತು ಈಗ ತಾನೇ ನನಗೇ ಹೊಳೆಯಿತು. ಮೊದಲು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ಜೀವನವಿಡೀ ಕಚೇರಿಯಲ್ಲಿ ಬರೆದ ಭಾಷೆ ಅದು. ಎರಡು ಸಾಲು ಬರೆದು ಹೊಡೆದುಹಾಕಿ ಕನ್ನಡಕ್ಕೆ ತಿರುಗಿದೆ. ಮನಸ್ಸಿನ ಮಾತು, ಮನೆಯ ಭಾಷೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಪಲ್ಲವಿಗೂ ಬರುವುದಿಲ್ಲ. ತಪ್ಪೊಪ್ಪಿಗೆಯನ್ನೂ ನಿಮ್ಮ ಕಣ್ಣಿಗೆ ತೆರೆಯದ ಅಕ್ಷರದಲ್ಲಿ ಬಚ್ಚಿಡಲು ಹೊರಟಿದ್ದೆ — ಫೈಲಿನ ತಳಕ್ಕೆ ಇನ್ನೊಂದು ಕಾಗದ.

ಹಾಗಾಗಿ ಇದನ್ನು ನಿನ್ನ ಕೈಗೆ ಕೊಡುವುದಿಲ್ಲ. ನಾನೇ ಓದುತ್ತೇನೆ. ನೀನು ಎದುರಿಗೆ ಕೂತಿರಬೇಕು, ನಿನ್ನ ಮುಖ ನನಗೆ ಕಾಣುತ್ತಿರಬೇಕು. ಕ್ಷಮಿಸು ಎಂಬ ಮಾತನ್ನು ಇದರಲ್ಲಿ ಎಲ್ಲೂ ಬರೆದಿಲ್ಲ; ಅದು ನಾನು ಕೇಳುವ ವಸ್ತುವಲ್ಲ. ಮೌಲಿಗೆ ಏನು ಹೇಳಬೇಕು ಎಂಬುದನ್ನು ನೀನೇ ಗೊತ್ತುಮಾಡು. ಕೆಳಗೆ ಹೋಗಿ ಹೇಳು ಎಂದರೆ ಅದನ್ನೂ ನಾನೇ ಹೋಗಿ ಹೇಳುತ್ತೇನೆ. ನಾಳೆ ಕಚೇರಿ ತೆರೆದಾಗ ಪಲ್ಲವಿಯ ಜೊತೆ ಅಪ್ಪ ಹೋಗಲಿ, ನಾನಲ್ಲ. ನನ್ನ ಕೈಗೆ ಇನ್ನು ಯಾವ ಕಾಗದವನ್ನೂ ಕೊಡಬೇಡಿ.

ಒಂದನ್ನು ಮಾತ್ರ ಮಾಡು. ಓದುವಾಗ ನನ್ನ ದನಿ ನಡುವೆ ನಿಂತರೆ, ನಾನು ಸಾಲು ಬಿಟ್ಟು ಮುಂದಕ್ಕೆ ಹೋಗಲು ನೋಡುತ್ತೇನೆ. ನನಗೆ ನಾನು ಗೊತ್ತು. ಬಿಡಬೇಡ. ನಿಂತಲ್ಲಿಂದಲೇ ಓದು ಅಜ್ಜಾ ಎನ್ನು.