ಐಡಾ ಕಲಿಸಿದ ಪಾಸ್ಕ

ನನ್ನ ಹೆಂಡತಿ ಐಡಾಳಿಗೆ ಯಾವ ಪಾಠವನ್ನೂ ಬಾಯಲ್ಲಿ ಹೇಳಿ ಮುಗಿಸಿ ಗೊತ್ತಿಲ್ಲ. ಮದುವೆಗೆ ಮುಂಚೆ ಬಂಟ್ವಾಳದ ಕಡೆಯ ಇಗರ್ಜಿಯೊಂದರ ಬಾಲವಾಡಿಯಲ್ಲಿ ಟೀಚರಾಗಿದ್ದವಳು. ಸಣ್ಣ ಮಕ್ಕಳು ಮುಟ್ಟಬೇಕು, ಕಲಸಬೇಕು, ಮೈಕೈಗೆ ಬಳಿದುಕೊಳ್ಳಬೇಕು, ಆಗಲೇ ಅವಕ್ಕೆ ಅರ್ಥವಾಗುವುದು ಎಂದು ಅವಳ ಹಟ. ಸೌದಿಯ ಥುಕ್ಬಾದ ಎರಡು ಕೋಣೆಯ ಫ್ಲ್ಯಾಟಿಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಆಸ್ಪತ್ರೆಯ ಡ್ಯೂಟಿಗೆ ಹೋಗುವ ನಮ್ಮೂರ ನರ್ಸುಗಳು ಮಕ್ಕಳನ್ನು ಇವಳ ಹತ್ತಿರ ಬಿಟ್ಟು ಹೋಗುತ್ತಿದ್ದರು. ನಾನು ಆಫೀಸಿನಿಂದ ಬಂದರೆ ಸೋಫಾ ಒಂದು ದಿನ ಬಸ್ಸು, ಇನ್ನೊಂದು ದಿನ ದೋಣಿ. ಮನೆ ತುಂಬ ಮಕ್ಕಳು, ಒಂದೂ ನಮ್ಮದಲ್ಲ. ನನಗೆ ಕೂರಲು ಅಡುಗೆಮನೆಯ ಸ್ಟೂಲೇ ಗತಿ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಶಾಲೆಗೆ ರಜೆಯಿರುವ ಗುರುವಾರ ಬೆಳಿಗ್ಗೆ ಇವಳು ನಮ್ಮ ಕ್ರಿಸ್ತುವರ ಮಕ್ಕಳನ್ನು ಕೂರಿಸಿಕೊಂಡು ಧರ್ಮದ ಪಾಠ ಮಾಡುತ್ತಿದ್ದಳು. ಇಗರ್ಜಿ ಕಟ್ಟಲೂ ಬಿಡದ ಊರು ಅದು. ಪರದೆ ಎಳೆದು, ಎಸಿ ಜೋರು ಮಾಡಿ, ಪಿಸುದನಿಯಲ್ಲಿ ಹಾಡು. ಯಾರಾದರೂ ಚಾಡಿ ಹೇಳಿದರೆ ಅಲ್ಲಿ ವಾಸಕ್ಕೆ ಕೊಟ್ಟ ನನ್ನ ಇಕಾಮಾ ಹೋಯಿತು. ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ನಮ್ಮಿಬ್ಬರನ್ನೂ ಗಂಟುಮೂಟೆ ಸಮೇತ ವಿಮಾನ ಹತ್ತಿಸುತ್ತಿದ್ದ. ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತೇ ಹೊರತು ಅವಳ ಕಿವಿಗೆ ಏನೂ ಆಗುತ್ತಿರಲಿಲ್ಲ.

ಆ ವರ್ಷ ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ನಾನು ಅರ್ಧ ದಿನದ ಕೆಲಸ ಮುಗಿಸಿ ಮನೆಗೆ ಬಂದಾಗ ನನ್ನ ಹೊಸ ನೀಲಿ ಬೆಡ್‌ಶೀಟ್ ನಡುವೆ ಹರಿದು ಎರಡು ಹೋಳಾಗಿ ನೆಲದ ಮೇಲೆ ಬಿದ್ದಿತ್ತು. ಅದು ಪಾಸ್ಕದ ಕಥೆಯಲ್ಲಿ ದೇವರು ಇಬ್ಭಾಗ ಮಾಡಿ ದಾರಿ ಬಿಟ್ಟ ಕೆಂಪು ಸಮುದ್ರವಂತೆ. ಮಕ್ಕಳು ಬೆನ್ನಿಗೆ ಗಂಟು ಕಟ್ಟಿಕೊಂಡು, ನನ್ನ ಆಫೀಸಿನ ಶೂ, ಬಾತ್‌ರೂಮಿನ ಚಪ್ಪಲಿ, ಸಿಕ್ಕಿದ್ದನ್ನೆಲ್ಲ ಕಾಲಿಗೆ ಸಿಕ್ಕಿಸಿಕೊಂಡು ನಿಂತೇ ರೊಟ್ಟಿ ತಿನ್ನುತ್ತಿದ್ದವು. ಈಜಿಪ್ಟಿನ ಗುಲಾಮಗಿರಿಯಿಂದ ಓಡುವ ಯೆಹೂದ್ಯರಿಗೆ ಕೂತು ತಿನ್ನಲು ಪುರುಸೊತ್ತಿರಲಿಲ್ಲ, ಹಿಟ್ಟು ಉಬ್ಬುವ ತನಕ ಕಾಯಲೂ ಇರಲಿಲ್ಲ. ಅದಕ್ಕೇ ಯೀಸ್ಟ್ ಹಾಕದ ರೊಟ್ಟಿ. ಇಡ್ಲಿಯಂಥ ನಮ್ಮ ಸಾನ್ನ ಉಬ್ಬದಿದ್ದರೆ ದಿನವಿಡೀ ಮುಖ ಊದಿಸಿಕೊಳ್ಳುವ ಇವಳು, ಅವತ್ತು ಆ ಚಪ್ಪಟೆ ರೊಟ್ಟಿ ನೋಡಿ ಹಿಗ್ಗುತ್ತಿದ್ದಳು. ಗುಲಾಮರ ಕಷ್ಟ ತಿಳಿಯಲಿ ಎಂದು ಒಬ್ಬೊಬ್ಬರಿಗೂ ಒಂದೊಂದು ತುಂಡು ಹಾಗಲಕಾಯಿ ಬೇರೆ.

ಮೂಲೆಯಲ್ಲಿ ಫ್ರಿಜ್ಜಿನ ದೊಡ್ಡ ರಟ್ಟಿನ ಡಬ್ಬ. ಅದರಲ್ಲೊಂದು ಬಾಗಿಲು ಕತ್ತರಿಸಿ, ಕಥೆಯವರು ಬಾಗಿಲಿಗೆ ಬಳಿದ ಕುರಿಮರಿಯ ರಕ್ತಕ್ಕೆ ಬದಲು ಟೊಮೆಟೊ ಪೇಸ್ಟ್ ಬಳಿದಿದ್ದರು. ಗುರುತು ಇದ್ದ ಮನೆಯನ್ನು ಸಾವಿನ ದೂತ ದಾಟಿ ಹೋಗುತ್ತಾನೆ, ಇಲ್ಲದ ಮನೆಯ ಮೊದಲ ಮಗ ಉಳಿಯುವುದಿಲ್ಲ. ಅದನ್ನೆಲ್ಲ ಕೈಯಾರೆ ಬಳಿದು ಕಲಿತ ಮಕ್ಕಳ ಸಾಲಿನಲ್ಲಿ, ಹಾಗಲಕಾಯಿಗೆ ಮುಖ ಕಿವುಚಿಕೊಂಡು, ಮೇಲಿನ ಮನೆಯ ಝುಬೈದಾಳ ಮಗಳು ನಫೀಸತ್ ನಿಂತಿದ್ದಳು.

ಝುಬೈದಾ ಉಳ್ಳಾಲದ ಬ್ಯಾರಿಗಳ ಪೈಕಿ, ಒಳ್ಳೆಯ ಹೆಂಗಸು. ಬೇರೆ ದಿನಗಳಲ್ಲಿ ನಫೀಸತ್ ನಮ್ಮ ಮನೆಯಲ್ಲೇ ಆಡುವವಳು. ಆದರೆ ಮುಸ್ಲಿಮರ ಮಗುವನ್ನು ಈ ಪಾಠಕ್ಕೆ ಕೂರಿಸಿದೆವು ಎಂದು ಹೊರಗೆ ಗೊತ್ತಾದರೆ ವಿಮಾನ ಹತ್ತಿಸುವುದರಲ್ಲಿ ಮುಗಿಯುವ ಮಾತಲ್ಲ.

"ಇವಳನ್ನು ಯಾಕೆ ಒಳಗೆ ಬಿಟ್ಟೆ?" ಎಂದೆ.

"ರೊಟ್ಟಿಯ ಪರಿಮಳಕ್ಕೆ ಬಂದು ಬಾಗಿಲಲ್ಲಿ ನಿಂತ ಮಗುವನ್ನು ಎಂತ ಹೇಳಿ ಕಳಿಸುವುದು ಮಾರಾಯ್ರೆ?"

ನಾನು ಸಿಟ್ಟಿನಲ್ಲಿ ಹರಿದ ಬೆಡ್‌ಶೀಟ್ ಮಡಚತೊಡಗಿದೆ. ಊಟಕ್ಕೆ ಮುಂಚೆ ಮಕ್ಕಳೆಲ್ಲ ಮನೆಗೆ ಹೋದವು. ಟೊಮೆಟೊ ಪೇಸ್ಟಿನ ಡಬ್ಬಿಯೂ ಹೋಗಿತ್ತು, ನಮಗದು ಗೊತ್ತಾಗಲಿಲ್ಲ.

ಕಸದ ಚೀಲ ಹೊತ್ತು ಹೊರಗೆ ಬಂದಾಗ ಎದುರುಮನೆಯ ಬಾಗಿಲ ಮೇಲೆ ಕೆಂಪಗೆ ಪುಟ್ಟ ಅಂಗೈ ಕಂಡಿತು. ಮೇಲೆ ಹೋದೆ, ಝುಬೈದಾಳ ಬಾಗಿಲಿಗೂ ಇತ್ತು. ಅದರ ಪಕ್ಕದ ಪಾಕಿಸ್ತಾನಿಯ ಮನೆಗೂ, ಕೆಳಗಿನ ಈಜಿಪ್ಟಿನ ಮೇಷ್ಟರ ಮನೆಗೂ ಇತ್ತು. ಎಲ್ಲವೂ ಚಿಲಕಕ್ಕಿಂತ ಕೆಳಗೆ, ನಫೀಸತ್‌ಳ ಕೈಗೆ ಎಟಕುವಷ್ಟೇ ಎತ್ತರದಲ್ಲಿ. ನಾನು ಬಕೆಟ್ಟು ಬಟ್ಟೆ ಹಿಡಿದು ಕಳ್ಳನ ಹಾಗೆ ಒಂದೊಂದೇ ಬಾಗಿಲು ಒರೆಸುತ್ತ, ಐಡಾಳನ್ನೂ ಅವಳ ಬಾಲವಾಡಿಯನ್ನೂ ಮನಸಾರೆ ಬೈಯುತ್ತ ಇಳಿದೆ. ಇವತ್ತಿಗೆ ಈ ಕ್ಲಾಸು ಬಂದ್ ಎಂದು ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೆ.

ಕೊನೆಯದು ತಳಮಹಡಿಯ ಮನೆ ಮಾಲೀಕ ಅಬು ಸಾಲೆಹ್‌ನ ಬಾಗಿಲು. ನಾನು ತಲುಪುವ ಹೊತ್ತಿಗೆ ಅವನು ನಮಾಜು ಮುಗಿಸಿ ಬಂದು ಅದರ ಮುಂದೆ ನಿಂತಿದ್ದ. ಇದೇನು ಎಂದು ಕೇಳಿದ. ನನಗೆ ಬರುತ್ತಿದ್ದ ಅಷ್ಟಿಷ್ಟು ಅರಬ್ಬಿಯೂ ಮರೆತುಹೋಯಿತು. ಅಷ್ಟರಲ್ಲಿ ಝುಬೈದಾ ಮಗಳ ಕೆಂಪು ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು, ಅವಳ ಹಿಂದೆಯೇ ಐಡಾ. ನಫೀಸತ್ ಏನೋ ಹೇಳಲು ಬಾಯಿ ತೆರೆದಳು. ಝುಬೈದಾ ಆ ಬಾಯಿಗೆ ಅಡ್ಡಲಾಗಿ ತನ್ನ ಸೆರಗು ಹಿಡಿದು, ಮಗಳು ಅಡುಗೆಮನೆಯ ಟೊಮೆಟೊ ತೆಗೆದು ಪೋಕರಿತನ ಮಾಡಿದ್ದಾಳೆ, ಮಾಫ್ ಮಾಡಿ ಎಂದು ತನಗೆ ಬಂದ ಅರಬ್ಬಿಯಲ್ಲಿ ಹೇಳಿದಳು. ಅಬು ಸಾಲೆಹ್ ಬೆರಳಲ್ಲಿ ಮುಟ್ಟಿ ಮೂಸಿ ನೋಡಿದ. ತೊಳೆಯಿರಿ ಎಂದು ನನಗೆ ಹೇಳಿ ಒಳಗೆ ಹೋದ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಝುಬೈದಾ ಬೈಯುತ್ತಾಳೆಂದು ಕಾದೆ.

"ಆ ಗುಲಾಮರನ್ನು ಬಿಡಿಸಿದ ಮೂಸಾ ನಬಿ ನಮಗೂ ಬೇಕಾದವರೇ, ಐಡಾಬಾಯಿ," ಎಂದಳು ಅವಳು. "ಆದರೆ ಮಕ್ಕಳು ಸಾಯುವ ಕಥೆ ಇಷ್ಟು ಸಣ್ಣವರಿಗೆ ಹೇಳಬೇಡಿ. ಇವಳು ನಮ್ಮ ಅಹ್ಮದ್‌ನ ಅಂಗಿ ಹಿಡಿದುಕೊಂಡು ಕೂತಿದ್ದಳು, ಬಿಡುವುದೇ ಇಲ್ಲ."

ಅಹ್ಮದ್ ಝುಬೈದಾಳ ಮೊದಲ ಮಗ. ಅಬು ಸಾಲೆಹ್‌ನ ಮೊದಲ ಮಗ ಸಾಲೆಹ್ ನಫೀಸತ್‌ಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಸುತ್ತಿಸುವವನು. ಮಕ್ಕಳಿರುವ ಒಂದು ಮನೆಯನ್ನೂ ಈ ಹುಡುಗಿ ಬಿಟ್ಟಿರಲಿಲ್ಲ. ಐಡಾ ಆಗಲಿ ಎಂದು ತಲೆಯಾಡಿಸಿದಳು.

ಬಾಗಿಲು ತೊಳೆದು ಎಲ್ಲರೂ ಮೇಲೆ ಹತ್ತಿ ಬಂದೆವು. ಕ್ಲಾಸು ಬಂದ್ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆಗ ನಮ್ಮ ಬಾಗಿಲು ಕಣ್ಣಿಗೆ ಬಿತ್ತು. ಅದರ ಮೇಲೆ ಏನೂ ಇರಲಿಲ್ಲ.

"ನಮ್ಮ ಬಾಗಿಲಿಗೆ ಯಾಕೆ ಹಚ್ಚಲಿಲ್ಲ?" ಎಂದು ಕೇಳಿದೆ. ಕೇಳಬಾರದಿತ್ತು.

"ನಿಮಗೆ ಮಕ್ಕಳಿಲ್ಲ ಅಲ್ವಾ, ಅಂಕಲ್," ಎಂದಳು ನಫೀಸತ್.

ಝುಬೈದಾ ಮಗಳ ಕೈ ಜಗ್ಗಿದಳು. ನನಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಐಡಾ ಮಾತ್ರ ಮೊಣಕಾಲೂರಿ ಕೂತು, ತನ್ನ ಟೀಚರ್ ದನಿಯಲ್ಲಿ, ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೆಲ್ಲ ಇದ್ದರು ಎಂದು ಅವಳನ್ನು ಕೇಳಿದಳು. ನಫೀಸತ್ ಬೆರಳು ಮಡಚುತ್ತ ಒಬ್ಬೊಬ್ಬರ ಹೆಸರು ಹೇಳಿ, ಕೊನೆಗೆ ತನ್ನ ಹೆಸರೂ ಸೇರಿಸಿದಳು. ಆಮೇಲೆ ದಡಬಡ ಮೇಲೆ ಓಡಿ, ಉಳಿದ ಪೇಸ್ಟಿನ ಡಬ್ಬಿ ಹಿಡಿದುಕೊಂಡು ಬಂದು, ಅಂಗೈ ತುಂಬ ಮೆತ್ತಿಕೊಂಡು ಬಾಗಿಲಿಗೆ ಕೈ ಎತ್ತಿದಳು.

ನನಗೆ ದುಃಖವೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂತು. ಬಕೆಟ್ಟು ಕೆಳಗಿಟ್ಟೆ.

"ಹೊರಗೆ ಬೇಡ ಮಾರಾಯ್ತಿ," ಎಂದೆ. "ಒಳಗಡೆ ಹಚ್ಚು."