ಮೇ ತಿಂಗಳ ಫೋಟೋದಲ್ಲಿ ದುರ್ಗಕ್ಕನ ಗದ್ದೆ

ನಮ್ಮ ಪಕ್ಕದ ಮನೆಯ ದುರ್ಗಕ್ಕ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಕುಮಟೆಯ ಬಸ್ಸಿಗೆ ಹತ್ತುವ ಮುಂಚೆ ಕಂಡಕ್ಟರನನ್ನು ಕೇಳುತ್ತಾಳೆ, ಆಮೇಲೆ ಕಿಟಕಿಯಲ್ಲಿ ಕೂತವರನ್ನೂ ಕೇಳುತ್ತಾಳೆ! ಅರವತ್ತು ದಾಟಿದ ಈ ಹಾಲಕ್ಕಿ ಒಕ್ಕಲಿಗರ ಹೆಂಗಸು ಮಳೆಗಾಲಕ್ಕೆ ಭತ್ತ, ಅದನ್ನು ಕೊಯ್ದ ಮೇಲೆ ಸಿಹಿ ಈರುಳ್ಳಿ ಬೆಳೆದು, ಜಡೆಯ ಹಾಗೆ ಹೆಣೆದು ಹೆದ್ದಾರಿ ಬದಿಗೆ ತೂಗುಹಾಕಿ ಮಾರುತ್ತಾಳೆ. ಇರುವುದು ಇಪ್ಪತ್ತು ಗುಂಟೆ. ಅದು ಹೋದರೆ ಅವಳಿಗೆ ಬೇರೇನೂ ಇಲ್ಲ.

ಕಳೆದ ವರ್ಷ ಪಟ್ಟಣದ ಹೊಸ ಪ್ಲಾನಿನಲ್ಲಿ ಆ ಗದ್ದೆಗೇ ಹಳದಿ ಬಣ್ಣ ಬಳಿದಿದ್ದರು. ಹಳದಿ ಅಂದರೆ ಐದು ಮಾಳಿಗೆಯ ಫ್ಲಾಟುಗಳ ಜಾಗ. ಕಾಲೇಜಿನ ಪ್ರಾಜೆಕ್ಟಿಗೆಂದು ಆ ಮ್ಯಾಪ್ ಇಳಿಸಿಕೊಂಡು ಅವಳಿಗೆ ತೋರಿಸಿದವಳು ನಾನೇ.

“ಒತ್ತೊತ್ತಾಗಿ ಮೇಲಕ್ಕೆ ಕಟ್ಟಿದ್ರೆ ಉಳಿದ ಗದ್ದೆ ಉಳೀತದಂತೆ ದುರ್ಗಕ್ಕಾ, ಪ್ಲಾನಿನಲ್ಲಿ ಬರ್ದಿದ್ದಾರೆ” ಎಂದೆ.

“ನಮ್ ಹಾಲಕ್ಕಿ ಕೇರಿ, ಈ ಕೊಪ್ಪದಾಗೂ ಮನೆ ಒತ್ತೊತ್ತೇ ಅದೆ, ಗದ್ದೆ ಉಳೀಲಿ ಅಂತ್ಲೇ. ಅದ್ ನಂಗ್ ಗೊತ್ತದೆ. ಗದ್ದೆ ಉಳ್ಸೂಕೆ ಗದ್ದೇಲೇ ಕಟ್ಟೂದೆಂತಕೆ? ಇದ್ರಾಗೆ ಎಂತದೋ ಅದೆ ತಂಗಿ.” ಮ್ಯಾಪಿನಿಂದ ಕಣ್ಣೆತ್ತಿ ನನ್ನನ್ನೇ ನೋಡಿದಳು. “ನೀ ಯಾರ್ ಕಡೆ?”

ಆಕ್ಷೇಪಣೆ ಹೇಳುವ ಸಭೆಗೆ ಇಬ್ಬರೂ ಹೋದೆವು. ಯೋಜನಾ ಅಧಿಕಾರಿ ನಾಗಭೂಷಣ ಪರದೆಯ ಮೇಲೆ ಡ್ರೋನ್ ಫೋಟೋ ತೋರಿಸಿದರು. “ನೋಡಮ್ಮ, ಒಂದು ಹುಲ್ಲುಕಡ್ಡಿಯೂ ಇಲ್ಲ. ಖಾಲಿ ಜಾಗ ಅಂತಲೇ ಆರಿಸಿದ್ದು.”

“ಯಾವಾಗ ತೆಗ್ದದ್ದು?”

ಅವರು ಕಾಗದ ತಿರುವಿದರು. “ಮೇ ಹದಿನಾರು.”

ಇಡೀ ಸಭೆ ಗೊಳ್ಳೆಂದಿತು! ಈರುಳ್ಳಿ ಕಿತ್ತ ಮೇಲೆ ನಮ್ಮ ಕಡೆಯ ಗದ್ದೆಗಳು ಮಳೆ ಬೀಳುವವರೆಗೆ ಒಣಗಿ ಬಿದ್ದಿರುತ್ತವೆ, ದನ ಓಡಾಡಿಕೊಂಡಿರುತ್ತವೆ. ಅದು ಇಲ್ಲಿ ಯಾರಿಗೆ ಗೊತ್ತಿಲ್ಲ?

“ಮೇ ತಿಂಗ್ಳಾಗೆ ಶಾಲೆ ಫೋಟೋ ತೆಗ್ದ್ರೆ, ಮಕ್ಳಿಲ್ಲ ಅಂತ ಅದ್ನೂ ಮುಚ್ಚಿ ಬಿಡ್ತ್ರಿ ನೀವು” ಎಂದಳು ದುರ್ಗಕ್ಕ. “ಕಟ್ಟಿ, ಬ್ಯಾಡ ಅನ್ನೂದಿಲ್ಲ. ಪ್ಯಾಟೆ ಒಳ್ಗೆ ಬೀಗ ಹಾಕಿದ್ ಹಳೇ ಗೋಡೌನ್ ಎಷ್ಟ್ ಅದೆ! ಅದ್ರ್ ಮೇಲೆ ಹತ್ ಮಾಳ್ಗಿ ಕಟ್ಟಿ.”

ಕೊನೆಗೆ ನಾಗಭೂಷಣ, ಇನ್ನೊಮ್ಮೆ ಡ್ರೋನ್ ಬಿಟ್ಟು ನೋಡಿಯೇ ತೀರ್ಮಾನಿಸುವುದಾಗಿ ಒಪ್ಪಿಕೊಂಡರು. ಅದನ್ನು ಬರೆಸಿ, ಸೀಲು ಹಾಕಿಸಿ, ನನ್ನಿಂದ ಎರಡು ಸಲ ಓದಿಸಿಕೊಂಡ ಮೇಲೆಯೇ ಅವಳು ಎದ್ದದ್ದು.

ದಾರಿಯುದ್ದಕ್ಕೂ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. “ಗೆದ್ವಲ್ಲ ದುರ್ಗಕ್ಕಾ!”

“ಯಾವ್ ದಿನ ಬತ್ರು ಅಂತ ಹೇಳ್ಲಿಲ್ಲ. ಎಂತಕೆ ಹೇಳ್ಲಿಲ್ಲ?”

ನಾನು ಕಾಗದ ಬಿಡಿಸಿ ಮೂರನೇ ಸಲ ಓದಿದೆ; ಡ್ರೋನ್ ಬರುವ ದಿನ ಎಲ್ಲೂ ಇರಲಿಲ್ಲ.

ಈ ಸಲ ಈರುಳ್ಳಿ ಕಿತ್ತಾಗಲೂ ಡ್ರೋನ್ ಬಂದಿರಲಿಲ್ಲ; ಮರುದಿನವೇ ಅವಳು ಗದ್ದೆಗೆ ಇಳಿದಳು. ಮದುವೆಯಾಗಿ ಬಂದಾಗಿನಿಂದ ಬೇಸಿಗೆಯಲ್ಲಿ ಖಾಲಿ ಬಿಡುತ್ತಿದ್ದ ನೆಲ ಅದು. ಬಾವಿಯಿಂದ ಕೊಡದಲ್ಲಿ ನೀರು ಹೊತ್ತು, ಇಡೀ ಇಪ್ಪತ್ತು ಗುಂಟೆಗೆ ಹರಿವೆ ಸೊಪ್ಪಿನ ಬೀಜ ಬಿತ್ತಿದಳು. ಪಕ್ಕದ ಗದ್ದೆಯ ಶುಕ್ರಣ್ಣನಿಗೆ ನಗು ತಡೆಯಲಾಗಲಿಲ್ಲ.

“ಇಷ್ಟ್ ಹರಿವೆ ಯಾರ್ ತಿನ್ನೂಕೆ?”

“ತಿನ್ನೂಕಲ್ಲ, ತೋರ್ಸೂಕೆ. ಯಾವ್ ದಿನ ಬಂದ್ರೂ ಹಸ್ರು ಕಾಣೂಕು.”

ಮಾರನೇ ಬೆಳಿಗ್ಗೆ ಶುಕ್ರಣ್ಣ ಬೇಲಿಯ ಹತ್ತಿರ ಬಂದು ನಿಂತ. ಪ್ಲಾನಿನಲ್ಲಿ ಅವನ ಗದ್ದೆಗೂ ಹಳದಿ ಬಿದ್ದಿತ್ತು.

“ಬೀಜ ಉಳ್ದದ್ರೆ ಒಂಚೂರ್ ಕೊಡ್ತ್ಯನೇ?”

ದುರ್ಗಕ್ಕ ಬೀಜದ ಡಬ್ಬಿ ತಂದಳು. ಮುಚ್ಚಳ ಮಾತ್ರ ತೆರೆಯಲಿಲ್ಲ.

“ಯಾರ್ ಹೇಳಿ ಕಳ್ಸಿದ್ರು ನಿಂಗೆ?”