ಬಾಣಂತಿ ವಾರ್ಡಿನ ಬಾಗಿಲಲ್ಲಿ ಅಂಜನಮ್ಮ

ಎಂಬತ್ತೆರಡನೆಯ ಇಸವಿಯಲ್ಲಿ ನಾನು ಗುಮಾಸ್ತನಾಗಿ ರೋಗಿಗಳ ಚೀಟಿ ಬರೆಯುತ್ತಿದ್ದ ಪೀಣ್ಯದ ಆಸ್ಪತ್ರೆಯಲ್ಲಿ ಡಾಕ್ಟರಿಗಿಂತ ಹೆಚ್ಚು ಭಯ ಹುಟ್ಟಿಸುತ್ತಿದ್ದವಳು ನೆಲ ಒರೆಸುವ ಅಂಜನಮ್ಮ. ಸತ್ಯವತಿ ಸಿಸ್ಟರ್ ಆರು ದಿನ ಕೊಟ್ಟ ತರಬೇತಿಯನ್ನು ಆಕೆ ವ್ರತದಂತೆ ಪಾಲಿಸುತ್ತಿದ್ದಳು. ಒಂದು ವಾರ್ಡಿನ ಬಟ್ಟೆ ಇನ್ನೊಂದು ವಾರ್ಡಿನ ನೆಲ ಮುಟ್ಟಬಾರದು, ಒರೆಸುವುದು ಒಳಮೂಲೆಯಿಂದ ಬಾಗಿಲ ಕಡೆಗೆ, ಕೈ ತೊಳೆಯುವುದು ಮೊಣಕೈವರೆಗೆ. ಹಸಿ ನೆಲಕ್ಕೆ ಕಾಲಿಡಲು ಬಂದರೆ ದೊಡ್ಡ ಡಾಕ್ಟರನ್ನೂ, "ಅಲ್ಲೇ ನಿಂತ್ಕಳಿ ಸಾರ್, ಪಿನಾಯಿಲು ಆರ್ಲಿ" ಎಂದು ತಡೆಯುತ್ತಿದ್ದಳು. ರಾಜಗೋಪಾಲನಗರದ ಮನೆಯಲ್ಲಿ ಬೆಕ್ಕಿಗೂ ಕಾಲು ತೊಳೆಸುತ್ತಾಳೆಂದು ನಾವು ನಗುತ್ತಿದ್ದೆವು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಆಕೆಯ ಮಗಳು ಆಪರೇಷನ್ ಆಗಿ ನಮ್ಮಲ್ಲೇ ಹೆತ್ತಳು. ಆ ವಾರ ಅಂಜನಮ್ಮನಿಗೆ ಅಂಟುರೋಗದ ವಾರ್ಡಿನ ಕೆಲಸ. ಅಲ್ಲಿ ದುಡಿಯುವವರು ಬಾಣಂತಿಯರ ಹತ್ತಿರ ಸುಳಿಯುವಂತಿರಲಿಲ್ಲ. ಕೊನೆಗೆ ಸಿಸ್ಟರೇ ಮನಸ್ಸು ಕರಗಿ, "ಸ್ನಾನ ಮಾಡಿ ಬಾ ಅಂಜನಮ್ಮ, ಒಂದ್ಸಲ ಎತ್ಕೋ" ಎಂದರು. "ಬ್ಯಾಡಿ ಸಿಸ್ಟರ್, ನೀವೇ ಯೋಳ್ಕೊಟ್ಟಿದ್ದಲ್ವಾ?" ಎಂದಳು. ದಿನವೂ ಕೆಲಸ ಮುಗಿಸಿ ಬಾಣಂತಿ ವಾರ್ಡಿನ ಬಾಗಿಲಾಚೆ ನಿಲ್ಲುತ್ತಿದ್ದಳು. ಕೈ ತಾನಾಗಿ ಚಾಚಿಬಿಟ್ಟೀತೆಂದು ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದಳು. ಮಗಳು ಮಂಚದಿಂದಲೇ ಕೂಸನ್ನು ಎತ್ತಿ ತೋರಿಸುತ್ತಿದ್ದಳು. ಐದನೆಯ ದಿನ ನಾನು, "ಮೊಮ್ಮಗ ಯಾರ ಥರ ಇದಾನೆ, ಅಂಜನಮ್ಮ?" ಎಂದು ಕೇಳಿದೆ. ಆಕೆ ಕತ್ತು ಚಾಚಿ ಒಳಗೆ ನೋಡಿದಳು. "ತಲೇಲಿ ಎಲ್ಡು ಸುಳಿ ಐತಂತೆ ಸಾರ್. ಈಟು ದೂರಕ್ಕೆ ನಂಗೆ ಕಾಣಾಕಿಲ್ಲ. ಇನ್ನೆಲ್ಡು ದಿನ ಕಳೀಲಿ, ಮುಟ್ಟಿ ನೋಡ್ತೀನಿ."